ನರಗಳ ಶಸ್ತ್ರಚಿಕಿತ್ಸೆಗೆ ದಾರಿ ತೋರುವ ಇಎಂಜಿ: ದೀರ್ಘಕಾಲದ ಬಳಕೆಯ ನಂತರ

ಪೆಟ್ಟು ತಿಂದ ನರವನ್ನು ತೆರೆದು ನೋಡಬೇಕೇ, ಇನ್ನಷ್ಟು ಕಾಯಬೇಕೇ ಎಂದು ತೀರ್ಮಾನಿಸಲು ಅನೇಕ ವರ್ಷಗಳಿಂದ ನರವಹನ ಪರೀಕ್ಷೆಯನ್ನೂ (ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಪ್ರತಿಕ್ರಿಯೆ ಅಳೆಯುವುದು) ಇಎಂಜಿಯನ್ನೂ (ಸ್ನಾಯುವಿಗೆ ಸೂಜಿ ಇಳಿಸಿ ಅದರ ವಿದ್ಯುತ್ ಚಟುವಟಿಕೆ ದಾಖಲಿಸುವುದು) ನೆಚ್ಚಿಕೊಂಡಿರುವ ಶಸ್ತ್ರಚಿಕಿತ್ಸಕನ ಅಭಿಪ್ರಾಯವಿದು. ಯಂತ್ರದ ವಿವರಗಳನ್ನು ಇಲ್ಲಿ ಹೇಳುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು ಸೂಜಿಯ ಪರೀಕ್ಷೆ. ತೋಳಿನ ಮೂಳೆ ಮುರಿದು ರೇಡಿಯಲ್ ನರ ಕೆಲಸ ನಿಲ್ಲಿಸಿ, ಮಣಿಕಟ್ಟು ಜೋತುಬಿದ್ದ ರೋಗಿಯ ಮುಂಗೈಯಲ್ಲಿ, ಅದೇ ನರ ನಡೆಸುವ ಬ್ರೇಕಿಯೋರೇಡಿಯಾಲಿಸ್ ಸ್ನಾಯುವಿಗೆ ಸೂಜಿ ಇಳಿಸಿ, ಕೈಯನ್ನು ಪೂರ್ತಿ ಸಡಿಲ ಬಿಡಲು ಹೇಳಿ, ಧ್ವನಿವರ್ಧಕಕ್ಕೆ ಕಿವಿಗೊಡುತ್ತೇವೆ. ನರದ ನಂಟು ಕಳೆದುಕೊಂಡ ಸ್ನಾಯು ತಗಡಿನ ಸೂರಿನ ಮೇಲೆ ಮಳೆಹನಿ ಬಿದ್ದಂತೆ ಸದ್ದು ಮಾಡುತ್ತದೆ, ಅದೇ ಫಿಬ್ರಿಲೇಷನ್. ಅನಂತರ ಹೆಬ್ಬೆರಳು ಮೇಲಿರುವಂತೆ ಮೊಣಕೈ ಮಡಿಸಲು ಹೇಳಿದಾಗ, ಆ ಸ್ನಾಯು ಬಿಗಿಯುವುದು ಕಣ್ಣಿಗೆ ಕಾಣದಿದ್ದರೂ, ಪರದೆಯ ಮೇಲೆ ಹಲವು ಮೊನೆಗಳ ಪುಟ್ಟ ಅಲೆಯೊಂದು ಮೂಡಿದರೆ, ನರತಂತುಗಳು ಸ್ನಾಯುವನ್ನು ಮರಳಿ ಮುಟ್ಟಿವೆ ಎಂದರ್ಥ. ಅಂಥ ರೋಗಿಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವ ಧೈರ್ಯ ನನಗೆ ಬರುವುದು ಆ ಅಲೆಯಿಂದಲೇ.

ಬೇಸರವೂ ಇದೆ, ಅದು ಸಣ್ಣದಲ್ಲ. ತುಂಡಾದ ನರದ ಕೆಳಭಾಗವೂ ಕೆಲವು ದಿನ ವಿದ್ಯುತ್ ಸಂಕೇತವನ್ನು ಒಯ್ಯುತ್ತಲೇ ಇರುತ್ತದೆ. ಸ್ನಾಯುವಿನ ಪ್ರತಿಕ್ರಿಯೆ ಅಳಿಯಲು ಸುಮಾರು 1 ವಾರ, ಸ್ಪರ್ಶತಂತುಗಳದ್ದು ಅಳಿಯಲು 10–11 ದಿನ ಬೇಕು. ಆದ್ದರಿಂದ ಮೊದಲ ವಾರದ ವರದಿಯನ್ನು ನಂಬಿದರೆ ಕಡಿದ ನರವೂ ತಾತ್ಕಾಲಿಕವಾಗಿ ಮಂಕಾದ ನರದಂತೆ ಕಾಣುತ್ತದೆ. 3–4 ವಾರಗಳ ನಂತರ ಮಾಡಿದಾಗಲೂ, ಹೊದಿಕೆ ಉಳಿದು ತಂತುಗಳಷ್ಟೇ ನಾಶವಾದ ನರಕ್ಕೂ ಪೂರ್ತಿ ಕಡಿದ ನರಕ್ಕೂ ಇರುವ ವ್ಯತ್ಯಾಸವನ್ನು ಈ ಪರೀಕ್ಷೆ ಹೇಳಲಾರದು. (ಹರಿತವಾದ ಗಾಯದಿಂದ ನರ ಕಡಿದಿರುವ ಶಂಕೆಯಿದ್ದರೆ ಇದಾವುದಕ್ಕೂ ಕಾಯದೆ ತೆರೆಯಬೇಕು.) ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ.; ನಂಟಿಲ್ಲದ ಸ್ನಾಯು 12–18 ತಿಂಗಳಲ್ಲಿ ಮತ್ತೆ ಚೇತರಿಸಲಾರದ ಸ್ಥಿತಿಗೆ ಜಾರುತ್ತದೆ. ಈ ಅವಧಿಯಲ್ಲಿ ಸೂಜಿಯನ್ನೇ ಮುಟ್ಟದೆ ‘ಪ್ರತಿಕ್ರಿಯೆ ಇಲ್ಲ’ ಎಂದಷ್ಟೇ ಬರೆದ ವರದಿ ಕೈಗೆ ಬಂದರೆ ರೋಗಿಯ ಅಮೂಲ್ಯ ವಾರಗಳು ವ್ಯರ್ಥವಾಗುತ್ತವೆ.

ಆದರೂ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಇದೇ ವಿಧಾನ ನನ್ನ ಅಸಮಾಧಾನವನ್ನು ಕರಗಿಸುತ್ತದೆ. ಕಡಿಯದೆ ಗಂಟುಕಟ್ಟಿದ ನರದ ಒಂದು ಬದಿಯನ್ನು ಪ್ರಚೋದಿಸಿ ಇನ್ನೊಂದು ಬದಿಯಲ್ಲಿ ದಾಖಲಿಸಿದಾಗ ಅಲೆ ದಾಟಿ ಬಂದರೆ, ಸುತ್ತಲಿನ ಗಾಯದ ಅಂಗಾಂಶವನ್ನು ಬಿಡಿಸಿದರೆ ಸಾಕು. ಬಾರದಿದ್ದರೆ ಗಂಟನ್ನು ತೆಗೆದು ನರದ ಕಸಿ ಮಾಡಬೇಕು. ಆ ಗಂಟನ್ನು ಬೆರಳಿನಿಂದ ಒತ್ತಿ ನೋಡಿ ಇದನ್ನು ಖಚಿತವಾಗಿ ಹೇಳಲಾಗದು.

ನಾನು ಕಳುಹಿಸುವ ಕೋರಿಕೆಪತ್ರದಲ್ಲಿ ಪೆಟ್ಟಾದ ದಿನಾಂಕ, ಶಂಕಿತ ಜಾಗ, ಸೂಜಿ ಹಾಕಬೇಕಾದ ಸ್ನಾಯುಗಳು, ನರ ವರ್ಗಾವಣೆಯ (ಕೆಲಸ ಮಾಡುತ್ತಿರುವ ಬೇರೊಂದು ನರವನ್ನು, ಅಂದರೆ ದಾನಿ ನರವನ್ನು, ತಂದು ಜೋಡಿಸುವ) ಯೋಚನೆಯಿದ್ದರೆ ದಾನಿ ನರದ ಸ್ನಾಯುಗಳು, ಇಷ್ಟನ್ನೂ ತಪ್ಪದೆ ನಮೂದಿಸುತ್ತೇನೆ.