ಚಿತ್ರದ ಮೇಲೆ ಅರೆಪಾರದರ್ಶಕ ಆಕಾರ: ಮ್ಯಾಟ್‌ಪ್ಲಾಟ್‌ಲಿಬ್, ಓಪನ್‌ಸಿವಿ, ಪಿಲ್ಲೋ ಒಟ್ಟಿಗೆ ಇಟ್ಟು ನೋಡಿದಾಗ

ಮೂರೂ ಪೈಥಾನ್‌ನಲ್ಲಿ ಚಿತ್ರ ತೋರಿಸಲು, ತಿದ್ದಲು ಬಳಸುವ ಲೈಬ್ರರಿಗಳು. ಹೋಲಿಕೆಗೆ ಬಳಸಿದ್ದು ಇನ್ನೊಂದು ಪೈಥಾನ್ ಲೈಬ್ರರಿ ಸೈಕಿಟ್-ಇಮೇಜ್ ಜೊತೆಗೇ ಬರುವ ‘ಕಾಯಿನ್ಸ್’ ಚಿತ್ರ. ಪೊಂಪೆಯಲ್ಲಿ ಸಿಕ್ಕ ಗ್ರೀಕ್ ನಾಣ್ಯಗಳದ್ದು. ಕಪ್ಪು-ಬಿಳುಪು, 8 ಬಿಟ್, 303 ಸಾಲು, 384 ಕಾಲಂ. ನಾಣ್ಯದ ಸುತ್ತ ಬಹುಭುಜ ಎಳೆದು, ಒಳಗೆ 0.4 ಆಲ್ಫಾದ ಕೆಂಪು ತುಂಬಬೇಕು, ಅಷ್ಟೇ ಕೆಲಸ. ಆಲ್ಫಾ ಎಂದರೆ ಬಣ್ಣ ಎಷ್ಟು ಗಟ್ಟಿ ಎಂಬ ಅಳತೆ: 0 ಪೂರ್ತಿ ಪಾರದರ್ಶಕ, 1 ಪೂರ್ತಿ ಗಟ್ಟಿ.

ಮೂರರಲ್ಲೂ ಲೆಕ್ಕ ಒಂದೇ: ಆಕಾರದ ಬಣ್ಣದ 0.4 ಪಾಲು, ಚಿತ್ರದ ಬಣ್ಣದ 0.6 ಪಾಲು. ಬೂದು 180 ಇದ್ದ ಪಿಕ್ಸೆಲ್ ಕೆಂಪು 210, ಹಸಿರು 108, ನೀಲಿ 108 ಆಗಬೇಕು. ಆದರೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಆಕಾರ ಬೇರೆ ಪದರವಾಗಿ ಮೇಲೆ ಕೂರುತ್ತದೆ, ಮೂಲ ಅರೇ (ಪಿಕ್ಸೆಲ್ ಸಂಖ್ಯೆಗಳ ಕೋಷ್ಟಕ) ಮುಟ್ಟುವುದಿಲ್ಲ. ಉಳಿದೆರಡರಲ್ಲಿ ಬಣ್ಣ ಪಿಕ್ಸೆಲ್‌ಗೇ ಇಳಿಯುತ್ತದೆ. ತೀವ್ರತೆ ಅಳೆಯುವುದಿದ್ದರೆ ಮೂಲ ಪ್ರತಿಯನ್ನು ಎತ್ತಿಟ್ಟುಕೊಳ್ಳಿ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಪಾಲಿಗನ್’ ಪ್ಯಾಚ್‌ಗೆ ಆಲ್ಫಾ ಕೊಟ್ಟರೆ ಅಂಚಿನ ಗೆರೆಯೂ ಮಸುಕಾಗುತ್ತದೆ. ಫೇಸ್‌ಕಲರ್‌ಗೆ 1, 0, 0, 0.4 ಎಂದು ನಾಲ್ಕು ಸಂಖ್ಯೆ ಕೊಟ್ಟು, ಎಡ್ಜ್‌ಕಲರ್ ಬೇರೆಯಾಗಿ ಕೊಡಿ. ಗೆರೆ ಗಟ್ಟಿಯಾಗಿ ಉಳಿಯುತ್ತದೆ. ಚಿತ್ರ ತೋರಿಸುವ ಇಮ್‌ಶೋಗೆ ವಿಮಿನ್ 0, ವಿಮ್ಯಾಕ್ಸ್ 255 ಹೇಳದಿದ್ದರೆ ಅದು ಚಿತ್ರದ ಕನಿಷ್ಠ-ಗರಿಷ್ಠಕ್ಕೆ ಬಣ್ಣ ಹಿಗ್ಗಿಸುತ್ತದೆ, ಮೇಲಿನ 108 ಸಿಗುವುದಿಲ್ಲ. ಬಹುಭುಜದ ಬದಲು ಮಾಸ್ಕ್ (ಆಕಾರದ ಒಳಗೆ 1, ಹೊರಗೆ 0 ಇರುವ ಅರೇ) ಹಾಸಿದರೆ ಸೊನ್ನೆ ಇರುವ ಜಾಗಕ್ಕೂ ಬಣ್ಣ ಬಂದು ಇಡೀ ಚಿತ್ರ ಮಬ್ಬಾಗುತ್ತದೆ. ಮೊದಲು ನಂಪೈಯ ಮಾಸ್ಕ್ಡ್ ಅರೇ ಮಾಡಿ ಸೊನ್ನೆಗಳನ್ನು ಮರೆಮಾಡಿಕೊಳ್ಳಿ. ಇನ್ನು ಇಪಿಎಸ್ ಕಡತಕ್ಕೆ ಪಾರದರ್ಶಕತೆ ಬರುವುದೇ ಇಲ್ಲ, ನಾಣ್ಯ ಪೂರ್ತಿ ಕೆಂಪಾಗಿ ಮುಚ್ಚಿಹೋಗುತ್ತದೆ. ಪ್ರಬಂಧಕ್ಕೆ ಪಿಡಿಎಫ್ ಕೊಡಿ.

ಸಾವಿರಾರು ಫ್ರೇಮ್ ಇದ್ದರೆ ನಮ್ಮ ಆಯ್ಕೆ ಓಪನ್‌ಸಿವಿ. ಆದರೆ ಎಡವುವ ಜಾಗಗಳೂ ಇಲ್ಲೇ ಹೆಚ್ಚು, ಏಕೆಂದರೆ ಬಹುಭುಜ ತುಂಬುವ ಅದರ ಫಿಲ್‌ಪಾಲಿಗೆ ಆಲ್ಫಾ ಗೊತ್ತಿಲ್ಲ. ಚಿತ್ರದ ನಕಲಿನ ಮೇಲೆ ಗಟ್ಟಿ ಬಣ್ಣ ತುಂಬಿ, ಆಮೇಲೆ ಆಡ್‌ವೇಟೆಡ್‌ನಲ್ಲಿ ನಕಲಿಗೆ 0.4, ಮೂಲಕ್ಕೆ 0.6 ಕೊಟ್ಟು ಬೆರೆಸಬೇಕು. ನಕಲಿನ ಬದಲು ಖಾಲಿ ಕಪ್ಪು ಅರೇ ತೆಗೆದುಕೊಂಡರೆ ಆಕಾರದ ಹೊರಗಿನ 180 ಕೂಡ 108ಕ್ಕೆ ಇಳಿದು ಚಿತ್ರವೆಲ್ಲ ಕತ್ತಲಾಗುತ್ತದೆ. ನಮ್ಮ ಚಿತ್ರ ಒಂದೇ ಚಾನೆಲ್‌ನದ್ದು, ಪ್ರತಿ ಪಿಕ್ಸೆಲ್‌ಗೆ ಒಂದೇ ಸಂಖ್ಯೆ. ಬಣ್ಣಕ್ಕೆ ಪರಿವರ್ತಿಸದೆ 0, 0, 255 ಕೊಟ್ಟರೆ ಮೊದಲ ಸೊನ್ನೆ ಮಾತ್ರ ಲೆಕ್ಕಕ್ಕೆ ಬಂದು ಕೆಂಪಿನ ಬದಲು ಕಪ್ಪು ತುಂಬುತ್ತದೆ. ಹೌದು, ಇಲ್ಲಿ ನೀಲಿ ಮೊದಲು, ಕೆಂಪು ಕೊನೆ. ಬಿಂದುಗಳು ಇಂಟ್32 (ಪೂರ್ಣಾಂಕ) ಆಗಿರಬೇಕು, ಫ್ಲೋಟ್ (ದಶಮಾಂಶ) ಕೊಟ್ಟರೆ ಎರರ್.

ಒಂದರ ಮೇಲೊಂದು ಬರುವ ಆಕಾರಗಳಿಗೆ ಇನ್ನೊಂದು ಎಚ್ಚರಿಕೆ. ಎಲ್ಲವನ್ನೂ ಒಂದೇ ಫಿಲ್‌ಪಾಲಿ ಕರೆಯಲ್ಲಿ ಕೊಟ್ಟರೆ ಎರಡು ಆಕಾರ ಕೂಡುವ ಜಾಗ ತೂತಾಗಿ ಉಳಿಯುತ್ತದೆ. ಒಂದೊಂದಾಗಿ ಅದೇ ನಕಲಿನ ಮೇಲೆ ತುಂಬಿ ಕೊನೆಗೆ ಒಮ್ಮೆ ಬೆರೆಸಿದರೆ ಬಣ್ಣ ಸಮನಾಗಿ ಬರುತ್ತದೆ. ಪ್ರತಿ ಸಲವೂ ಬೆರೆಸಿದರೆ ಕೂಡುವಲ್ಲಿ ಆಲ್ಫಾ 0.64ಕ್ಕೆ ಏರುತ್ತದೆ. ಎಷ್ಟು ಪದರ ಇದೆ ಎಂದು ತೋರಿಸಬೇಕಿದ್ದರೆ ಅದೇ ಒಳ್ಳೆಯದು.

ಪಿಲ್ಲೋದಲ್ಲಿ ಕೋಡ್ ಅತಿ ಚಿಕ್ಕದು. ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಚಿತ್ರದ ಮೇಲೆ ಡ್ರಾ ವಸ್ತುವನ್ನು ‘ಆರ್‌ಜಿಬಿಎ’ (ಜೊತೆಗೆ ಆಲ್ಫಾ) ಮೋಡ್‌ನಲ್ಲಿ ತೆರೆದು, ಫಿಲ್‌ನ ನಾಲ್ಕನೇ ಸಂಖ್ಯೆಗೆ 102 ಕೊಟ್ಟರೆ ಮುಗಿಯಿತು. ಇಲ್ಲಿ ಆಲ್ಫಾ 0ರಿಂದ 255. ಚಿತ್ರವೇ ಆರ್‌ಜಿಬಿಎ ಆಗಿದ್ದರೆ ಮಾತ್ರ ಬಣ್ಣ ಬೆರೆಯದೆ ಪಿಕ್ಸೆಲ್ ಬದಲಾಗಿ, ನಾಣ್ಯ ಅಳಿಸಿ ಆ ಜಾಗ ಅರೆಪಾರದರ್ಶಕ ಕಿಟಕಿಯಾಗುತ್ತದೆ. ಆಗ ಖಾಲಿ ಪಾರದರ್ಶಕ ಪದರದಲ್ಲಿ ಬರೆದು ಆಲ್ಫಾ ಕಾಂಪೊಸಿಟ್‌ನಿಂದ ಸೇರಿಸಿ, ಜೆಪೆಗ್ ಉಳಿಸುವ ಮುನ್ನ ಆರ್‌ಜಿಬಿಗೆ ತನ್ನಿ. ಅಂಚು ಹಲ್ಲುಹಲ್ಲಾಗಿ ಕಂಡರೆ ಆ ಪದರವನ್ನು 4 ಪಟ್ಟು ದೊಡ್ಡದಾಗಿ ಬರೆದು ಕುಗ್ಗಿಸುವುದೇ ದಾರಿ.

ವಿಭಜನೆಯ ಲೇಬಲ್ ಅರೇ (ಯಾವ ಪಿಕ್ಸೆಲ್ ಯಾವ ನಾಣ್ಯದ್ದು ಎಂಬ ಸಂಖ್ಯೆಗಳು) ಕೈಯಲ್ಲಿದ್ದರೆ ಇಷ್ಟೆಲ್ಲ ಬೇಡ, ಸೈಕಿಟ್-ಇಮೇಜ್‌ನ ‘ಲೇಬಲ್2ಆರ್‌ಜಿಬಿ’ ಸಾಕು. ಅದರ ಆಲ್ಫಾ ತಾನಾಗಿ 0.3. ಫಲಿತಾಂಶ 0ರಿಂದ 1ರ ಫ್ಲೋಟ್ ಆದ್ದರಿಂದ 255ರಿಂದ ಗುಣಿಸದೆ ಓಪನ್‌ಸಿವಿಯಲ್ಲಿ ಉಳಿಸಿದರೆ ಬರೀ ಕಪ್ಪು ಚಿತ್ರ. ಮ್ಯಾಟ್‌ಲ್ಯಾಬ್‌ನಿಂದ ಕೋಡ್ ತರುವವರು ಸಂಖ್ಯೆಯ ದಿಕ್ಕು ನೋಡಿಕೊಳ್ಳಿ: ಅಲ್ಲಿನ ಫೇಸ್‌ಆಲ್ಫಾ 1 ಎಂದರೆ ಪೂರ್ತಿ ಗಟ್ಟಿ, ಲೇಬಲ್‌ಓವರ್‌ಲೇಯ ಟ್ರಾನ್ಸ್‌ಪರೆನ್ಸಿ 1 ಎಂದರೆ ಏನೂ ಕಾಣದು.