ಎರಡನೆಯ ಮ್ಯಾಗಝೀನಿನ ತಕರಾರು: ಒಂದು ಕೋವಿ ದುರಸ್ತಿ ಅಂಗಡಿಯ ಅನುಭವ

ಕೈಲ್‌ಪೊಳ್ದ್ ಎಂಬ ಕೊಡವರ ಆಯುಧ ಹಬ್ಬಕ್ಕೆ ಮೂರು ವಾರ ಉಳಿದಿದ್ದಾಗ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆಂದು ಹೊರತೆಗೆದ ನನ್ನ .22 ಬೋಲ್ಟ್ ಆಕ್ಷನ್ ರೈಫಲ್, ಐದು ತೋಟಾಗಳಲ್ಲಿ ಒಂದೆರಡನ್ನು ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಬಾಯಲ್ಲೇ ಸಿಕ್ಕಿಸಿಕೊಳ್ಳತೊಡಗಿತು. ತೋಟಾವನ್ನು ಒಳತಳ್ಳುವ ಬೋಲ್ಟ್ ಅರ್ಧದಲ್ಲಿ ಬಿಗಿಯುತ್ತಿತ್ತು. ಹಿಂದಕ್ಕೆಳೆದರೆ ಮೂತಿ ಜಜ್ಜಿದ ತೋಟಾ ಓರೆಯಾಗಿ ಕುಳಿತಿರುತ್ತಿತ್ತು. ಮೊದಲು ತೋರಿಸಿದ ಅಂಗಡಿಯವರು ಬಿಚ್ಚಿ ನೋಡುವ ಗೋಜಿಗೂ ಹೋಗದೆ, ಚೇಂಬರಿನ ಅಂಚಿಗೆ ಸ್ವಲ್ಪ ಅರ ಹಾಕಿದರೆ ಸರಿಹೋಗುತ್ತದೆ ಎಂದರು. ಉಜ್ಜಿ ತೆಗೆದ ಉಕ್ಕನ್ನು ಮತ್ತೆ ಅಂಟಿಸಲು ಬರುವುದಿಲ್ಲವಾದ್ದರಿಂದ ಕೋವಿಯನ್ನು ವಾಪಸು ಪಡೆದು, ವಿರಾಜಪೇಟೆ ಕಡೆಯ ಇನ್ನೊಂದು ಪರವಾನಗಿ ಪಡೆದ ಅಂಗಡಿಗೆ ಒಯ್ದೆ. ಈ ಬರಹ ಅಲ್ಲಿನ ಕೆಲಸದ ಬಗ್ಗೆ. ಹಬ್ಬದ ಮುಂಚೆ ಇನ್ನಷ್ಟು ಜನ ಬಂದರೆ ಕೈಮೀರುತ್ತದೆ ಎಂದು ಯಜಮಾನರೇ ಬೇಡವೆಂದಿರುವುದರಿಂದ ಹೆಸರು ಬರೆಯುತ್ತಿಲ್ಲ.

ಅವರು ಮೊದಲು ಟಾರ್ಚ್ ಹಾಕಿ ಚೇಂಬರ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನನ್ನ ಎರಡು ಮ್ಯಾಗಝೀನುಗಳ (ತೋಟಾ ತುಂಬುವ ಡಬ್ಬಿಗಳ) ಬುಡದಲ್ಲಿ ಮಾರ್ಕರಿನಿಂದ 1, 2 ಎಂದು ಬರೆದರು. ಆಮೇಲೆ ಮದ್ದಿಲ್ಲದ ಡಮ್ಮಿ ತೋಟಾಗಳನ್ನು ತುಂಬಿ ತಲಾ ಹತ್ತು ಸಲ ಬೋಲ್ಟ್ ಆಡಿಸಿದರು. ತಕರಾರು ಎರಡರಲ್ಲೂ ಬಂದರೆ ಕೋವಿಯನ್ನೂ ಮ್ಯಾಗಝೀನು ಹಿಡಿಯುವ ಕೊಕ್ಕೆಯನ್ನೂ ಅನುಮಾನಿಸಬೇಕು, ಒಂದರಲ್ಲಿ ಮಾತ್ರ ಬಂದರೆ ದೋಷ ಆ ಮ್ಯಾಗಝೀನಿನದು, ಒಂದೇ ಕಂಪನಿಯ ತೋಟಾಕ್ಕೆ ಬಂದರೆ ತೋಟಾ ಬದಲಿಸಿ ನೋಡಬೇಕು ಎಂಬ ಅವರ ಲೆಕ್ಕ ನನಗೆ ಹಿಡಿಸಿತು. ಗುರುತಿಲ್ಲದೆ ಎರಡನ್ನೂ ಬೆರೆಸಿ ಬಳಸುತ್ತಿದ್ದುದರಿಂದಲೇ ಮನೆಯಲ್ಲಿ ನನ್ನ ಒಂದು ವಾರ ಹಾಳಾಗಿತ್ತು. 1ನೆಯದು ಸಲೀಸಾಗಿ ನಡೆಯಿತು. 2ನೆಯದು ನಾಲ್ಕು ಸಲ ಸಿಕ್ಕಿಕೊಂಡಿತು.

ನಾನು ಕಾಗದದಲ್ಲಿ ಕಟ್ಟಿ ತಂದಿದ್ದ ಜಜ್ಜಿದ ತೋಟಾಗಳನ್ನು ಅವರು ಭೂತಕನ್ನಡಿಯಡಿ ತೋರಿಸಿದರು. ಎಲ್ಲದರ ಸೀಸದ ಮೂತಿಯಲ್ಲೂ ಒಂದೇ ಮಗ್ಗುಲಿಗೆ, ಉಗುರಿನಿಂದ ಗೀರಿದಂಥ ಹೊಳೆಯುವ ಗೆರೆಯಿತ್ತು. 2ನೆಯ ಮ್ಯಾಗಝೀನಿನ ಬಾಯಲ್ಲಿ ತೋಟಾವನ್ನು ಹಿಡಿದಿಡುವ ಎರಡು ತಗಡಿನ ತುಟಿಗಳಲ್ಲಿ ಒಂದು ಹೊರಕ್ಕೆ ಬಾಗಿತ್ತು. ವರ್ನಿಯರ್ ಮಾಪಕ ಹಿಡಿದರೆ 1ಕ್ಕೂ 2ಕ್ಕೂ 0.4 ಮಿ.ಮೀ. ವ್ಯತ್ಯಾಸ. ಹೋದ ವರ್ಷ ಅದು ಕಾಫಿ ಕಣದ ಸಿಮೆಂಟಿನ ಮೇಲೆ ಬಿದ್ದದ್ದು ಆಗ ನೆನಪಾಯಿತು.

ಆ ಮ್ಯಾಗಝೀನಿನೊಳಗೆ ನನ್ನದೇ ಇನ್ನೊಂದು ಪ್ರಮಾದವಿತ್ತು. ಮಳೆಗಾಲದ ತುಕ್ಕಿಗೆ ಹೆದರಿ ಸುರಿದ ಎಣ್ಣೆ, .22 ಗುಂಡಿನ ಮೇಲಿನ ಮೇಣದ ಲೇಪ ಮತ್ತು ಮಸಿ ಸೇರಿ ಕಪ್ಪು ಅಂಟಾಗಿ, ತೋಟಾಗಳನ್ನು ಮೇಲೆತ್ತುವ ಹಲಗೆಯನ್ನು ತಡೆಯುತ್ತಿತ್ತು. ಸ್ಪ್ರಿಂಗ್ ಸೋತಿದೆಯೆಂದು ನಾನು ಭಾವಿಸಿದ್ದೆ. ತೊಳೆದು ಒಣಬಟ್ಟೆಯಿಂದ ಒರೆಸಿದ ಮೇಲೆ ಅದೇ ಸ್ಪ್ರಿಂಗ್ ಚುರುಕಾಯಿತು. ತುಂಬುವ ಕ್ರಮವನ್ನೂ ಅವರು ತಿದ್ದಿದರು: ಮೇಲಿನ ತೋಟಾದ ಹಿಂಬದಿಯ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ, ಅದು ಮುಂದೆ ಹೊರಡುವಾಗ ಕೆಳಗಿನದಕ್ಕೆ ಕೊಂಡಿಯಾಗಿ ನಿಲ್ಲುತ್ತದೆ. ದೊಡ್ಡ ರೈಫಲ್ಲುಗಳ ಅಂಚಿರುವ .315 ತೋಟಾಗಳಿಗೂ ಇದೇ ಕಾಯಿಲೆ.

ತುಟಿಯನ್ನು ಇಕ್ಕಳದಿಂದ ತಿರುಚದೆ, ಒಳಗೆ ಅಳತೆಯ ಕಡ್ಡಿಯಿಟ್ಟು ಹಿತ್ತಾಳೆಯ ಸುತ್ತಿಗೆಯಿಂದ ತಟ್ಟಿ ಕೂರಿಸಿದರು. ಒಮ್ಮೆ ಬಾಗಿದ ತಗಡು ಮತ್ತೆ ಸಡಿಲಬಹುದು, ಸ್ಪರ್ಧೆಗೆ 1ನ್ನೇ ಬಳಸಿ ಹೊಸದೊಂದನ್ನು ತರಿಸಿಕೊಳ್ಳಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು.

ಕೊರತೆಗಳೂ ಇವೆ. ಮೂರು ದಿನವೆಂದವರು ಒಂಬತ್ತು ದಿನ ತೆಗೆದುಕೊಂಡರು, ಫೋನಿಗೆ ಸಿಗುವುದಿಲ್ಲ, 600 ರೂಪಾಯಿಯ ಬಿಲ್ಲಿನಲ್ಲಿ ‘ರಿಪೇರಿ’ ಎಂಬ ಒಂದೇ ಪದವಿದೆ. ಆದರೆ ಕೋವಿ ಬಿಟ್ಟುಬರುವಾಗ ಅದರ ನಂಬರು ನಮೂದಿಸಿದ ರಶೀದಿಯನ್ನು ಕೇಳದೆಯೇ ಕೊಟ್ಟರು. ಲೈಸೆನ್ಸ್ ಇದ್ದವರಾಗಲಿ, ಲೈಸೆನ್ಸಿನಿಂದ ವಿನಾಯಿತಿ ಪತ್ರವಿರುವ ಕೊಡವರಾಗಲಿ, ಇಂಥ ರಶೀದಿಯಿಲ್ಲದೆ ಎಲ್ಲಿಯೂ ಕೋವಿ ಬಿಡಬಾರದು.

ಸ್ಪರ್ಧೆಯ ದಿನ 1ನೆಯ ಮ್ಯಾಗಝೀನಿನಿಂದ ತೋಟಾಗಳೆಲ್ಲ ತಡೆಯಿಲ್ಲದೆ ಏರಿದವು. ಕಾಯಿ ಒಡೆಯದಿದ್ದುದಕ್ಕೆ ಅಂಗಡಿಯವರು ಹೊಣೆಯಲ್ಲ.