ಬೇಸಿಗೆಗೆ ಊರಿನ ದಾರಿ: ಬೆಳಗಿನ ಚಾರಣವೋ, ಸಂಜೆಯದೋ, ಒಂದೇ ಕಡೆ ಎರಡು ರಾತ್ರಿಯೋ?

ಪ್ರತಿ ಬೇಸಿಗೆ ರಜೆಗೆ ಅಕ್ಕ, ಅವಳ ಮಗ, ನಾನು ಒಂದೇ ಕಾರಿನಲ್ಲಿ ಅಮ್ಮನ ಮನೆಗೆ ಹೋಗುತ್ತೇವೆ. ಸುಮಾರು 1,100 ಕಿಲೋಮೀಟರ್ ದಾರಿ. ನಡುವೆ ಉದ್ದಕ್ಕೂ ಬೆಟ್ಟಗಳು. ಮೊದಲೆಲ್ಲ ಅವನ್ನು ಕಿಟಕಿಯಿಂದ ನೋಡಿಕೊಂಡೇ ದಾಟಿಬಿಡುತ್ತಿದ್ದೆವು. ಒಂದು ಸಲ ಹುಡುಗ ಕೇಳಿದ: "ಚಿಕ್ಕಿ, ಆ ಬೆಟ್ಟದ ಮೇಲೆ ನಾವು ಯಾವತ್ತು ಹೋಗೋದು?" ಅವನಿಗಾಗ ಹತ್ತು ವರ್ಷ. ಉತ್ತರ ಹೇಳಲು ಆಗಲಿಲ್ಲ.

ಅಲ್ಲಿಂದ ಮೂರು ಬೇಸಿಗೆ ಮೂರು ಥರ ಮಾಡಿ ನೋಡಿದ್ದೇವೆ. ದಾರಿ ಅದೇ, ಮೂರು ದಿನ ಎರಡು ರಾತ್ರಿ ಅನ್ನುವ ಲೆಕ್ಕವೂ ಅದೇ. ಬದಲಾದದ್ದು ಯಾವಾಗ ನಡೆಯೋದು, ಯಾವಾಗ ಗಾಡಿ ಓಡಿಸೋದು ಅನ್ನೋದು ಮಾತ್ರ. ಅಷ್ಟಕ್ಕೇ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ.

ಮೊದಲ ಬೇಸಿಗೆ: ಬೆಳಿಗ್ಗೆ ಬೆಟ್ಟ, ಆಮೇಲೆ ರಸ್ತೆ

ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಬೆಟ್ಟದ ಬುಡದಲ್ಲೇ ಟೆಂಟ್ ಹಾಕು, ನಸುಕಿನಲ್ಲಿ ಹತ್ತು, ಬಿಸಿಲೇರುವ ಮೊದಲು ಇಳಿದು ಗಾಡಿ ಹತ್ತು. ನಡಿಗೆಯನ್ನಷ್ಟೇ ನೋಡಿದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಗಾಳಿ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಗುಡುಗು ಮೋಡ ಕಟ್ಟೋದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ನಾವು ಕೆಳಗಿರುತ್ತೇವೆ.

ಸಮಯದ ಲೆಕ್ಕಕ್ಕೆ ನೇಸ್ಮಿತ್ ಸೂತ್ರ ಹಿಡಿದಿದ್ದೆ. 1892ರಲ್ಲಿ ಸ್ಕಾಟ್ಲೆಂಡಿನ ಒಬ್ಬ ಚಾರಣಿಗ ಹೇಳಿದ್ದು: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರಲು 8 ಕಿಲೋಮೀಟರ್, 500 ಮೀಟರ್ ಏರು ಅಂದರೆ ಎರಡೂವರೆ ಗಂಟೆ. ನಮಗೆ ಹಿಡಿದದ್ದು ನಾಲ್ಕು ಗಂಟೆ. ಆ ಸೂತ್ರ ಎಲ್ಲೂ ನಿಲ್ಲದೆ ನಡೆಯುವ ಗಟ್ಟಿ ಆಳಿಗೆ. ಮಗು ಜೊತೆಗಿದ್ದರೆ ಒಂದೂವರೆ ಪಟ್ಟು ಮಾಡಿ, ಅದರ ಮೇಲೆ ಸ್ವಲ್ಪ ಕೈಯಲ್ಲಿ ಇಟ್ಟುಕೊಳ್ಳಿ.

ಕಷ್ಟ ಶುರುವಾದದ್ದು ಇಳಿದ ಮೇಲೆ. ಟೆಂಟ್ ಇಬ್ಬನಿಗೆ ತೊಯ್ದು ತೊಪ್ಪೆಯಾಗಿತ್ತು. ಒಣಗಲಿ ಅಂತ ಕಾಯಲು ಹೊತ್ತಿಲ್ಲ, ಹಾಗೇ ಸುತ್ತಿ ಡಿಕ್ಕಿಗೆ ತುರುಕಿದೆವು. ಗೂಟಗಳ ಮಣ್ಣು ಸೀಟಿಗೆಲ್ಲ ಮೆತ್ತಿಕೊಂಡಿತು. ರಸ್ತೆಗೆ ಬಂದಾಗ ಹನ್ನೊಂದು ಗಂಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕ್ಲಚ್ ಒತ್ತಿದಾಗಲೆಲ್ಲ ಎಡಗಾಲಿನ ಮೀನಖಂಡ ನಡುಗಲು ಶುರುವಾಯಿತು. ಪೆಡಲ್ ಮೇಲೆ ಷೂ ತಟತಟ ಅನ್ನೋದು ನನಗೇ ಕೇಳಿಸುತ್ತಿತ್ತು.

ಮಧ್ಯಾಹ್ನ 2ರಿಂದ 4ರ ನಡುವೆ ಮೈ ತಾನಾಗಿಯೇ ಮಂಕಾಗುತ್ತದೆ. ಚೆನ್ನಾಗಿ ನಿದ್ದೆ ಮಾಡಿದವರಿಗೂ ಅಷ್ಟೇ. ನಾಲ್ಕೂವರೆಗೆ ಎದ್ದು ಬೆಟ್ಟ ಹತ್ತಿದವರ ಗತಿ ಕೇಳಬೇಕಾ? ಮೂರು ಗಂಟೆ ಹೊತ್ತಿಗೆ ಗಾಡಿ ಬಿಳಿ ಗೆರೆ ದಾಟಿತ್ತು. ನನಗೆ ಗೊತ್ತೇ ಆಗಲಿಲ್ಲ. ಅಕ್ಕ ಕೂಗಲಿಲ್ಲ, ನನ್ನ ಮೊಣಕೈ ಹಿಡಿದು ಮೆಲ್ಲಗೆ, "ನಿಲ್ಲಿಸು ಪುಟ್ಟಿ, ಪಕ್ಕಕ್ಕೆ ತಗೋ" ಅಂದಳು. ಮರದ ನೆರಳಲ್ಲಿ ಇಪ್ಪತ್ತು ನಿಮಿಷ ಮಲಗಿದೆ. ಆಮೇಲೆ ಅವಳೇ ಓಡಿಸಿದಳು. ಆ ಕ್ಷಣ ಈಗಲೂ ನೆನಪಾಗುತ್ತದೆ, ಹಿಂದಿನ ಸೀಟಿನಲ್ಲಿ ಹುಡುಗ ನಿದ್ದೆ ಹೋಗಿದ್ದ.

ಮೂರನೇ ದಿನ ಬೆಳಿಗ್ಗೆ ಇನ್ನೊಂದು ಬೆಟ್ಟ ಹತ್ತಿ, ಮನೆ ಮುಟ್ಟಿದಾಗ ರಾತ್ರಿ ಹತ್ತೂವರೆ. ಒಂದೇ ಸಮನೆ 17 ಗಂಟೆ ಎಚ್ಚರ ಇದ್ದವರ ಚುರುಕುತನ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟೇ ಕುಂದಿರುತ್ತದೆ. ಕೊನೆಯ ಒಂದು ಗಂಟೆ ನಾವು ಅದೇ ಸ್ಥಿತಿಯಲ್ಲಿ ಓಡಿಸಿದ್ದೆವು. ಅಮ್ಮ ಗೇಟಿನ ಹತ್ತಿರ ನಿಂತೇ ಇದ್ದರು.

ಎರಡನೇ ಬೇಸಿಗೆ: ಮೊದಲು ರಸ್ತೆ, ಸಂಜೆ ನಡಿಗೆ

ಐದಕ್ಕೇ ಹೊರಟು, ಎರಡು ಗಂಟೆಗೆಲ್ಲ ಜಾಗ ಸೇರಿ, ಬೆಳಕಿದ್ದಾಗಲೇ ಟೆಂಟ್ ಹಾಕಿ, ಬಿಸಿಲು ತಗ್ಗಿದ ಮೇಲೆ ನಡೆಯೋದು. ಗಾಡಿ ಓಡಿಸುವವರಿಗೆ ಇದು ವರ. ದಿನಕ್ಕೆ 370 ಕಿಲೋಮೀಟರ್ ಆಸುಪಾಸು, ಅದೂ ತಾಜಾ ಮೈಯಲ್ಲಿ. ಇಡೀ ದಿನ ಮಡಚಿಟ್ಟ ಮಂಡಿ ಸಂಜೆ ಬಿಚ್ಚಿಕೊಳ್ಳುವ ಸುಖವೇ ಬೇರೆ. ರಾತ್ರಿ ನಿದ್ದೆಯೂ ಗಡದ್ದಾಗಿ ಬರುತ್ತದೆ.

ಆದರೆ ನಡಿಗೆಗೆ ಉಳಿಯೋದು ಚೂರುಪಾರು ಹೊತ್ತು. ರಸ್ತೆ ರಿಪೇರಿ, ಟೈರ್ ಪಂಕ್ಚರ್, ತಪ್ಪಿದ ತಿರುವು, ಏನೇ ಆದರೂ ಸಂಜೆಯ ಗಂಟಿನಿಂದಲೇ ಕಳೆಯುತ್ತದೆ. ಮೊದಲ ಸಂಜೆ ನಮಗೆ ಸಿಕ್ಕಿದ್ದು ಒಂದೂವರೆ ಗಂಟೆ. ಹುಡುಗನಿಗೆ ಬೆರಳಿನ ಲೆಕ್ಕ ಹೇಳಿಕೊಟ್ಟೆ: ಕೈ ನೇರ ಚಾಚಿ ದಿಗಂತಕ್ಕೂ ಸೂರ್ಯನಿಗೂ ನಡುವೆ ಬೆರಳು ಅಡ್ಡ ಇಡಬೇಕು, ಒಂದು ಬೆರಳಿಗೆ ಸುಮಾರು 15 ನಿಮಿಷ. ನಾಲ್ಕು ಬೆರಳು ಉಳಿದಾಗ ತಿರುಗಿದೆವು. ತುದಿ ಅಲ್ಲೇ ಕಾಣುತ್ತಿತ್ತು. ಅವನು ಏನೂ ಮಾತಾಡಲಿಲ್ಲ, ಆದರೆ ಕೆಳಗೆ ಬರುವವರೆಗೂ ಹಿಂದೆ ತಿರುಗಿ ನೋಡುತ್ತಲೇ ಇದ್ದ. ಎರಡನೇ ಸಂಜೆ ಗುಡುಗು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರ ಇದ್ದರೆ ಬಯಲಿನಲ್ಲಿ ಇರಬಾರದು. ನಾವು ಎಣಿಸಿದ್ದು ಹನ್ನೆರಡು. ಓಡಿ ಬಂದು ಕಾರಿನೊಳಗೆ ಕೂತೆವು.

ಆ ರಾತ್ರಿ ಕಾರಿನಲ್ಲೇ ಮಲಗಿದೆವು, ಹಾಗಾಗಿ ಅದರ ಪರೀಕ್ಷೆಯೂ ಆಯಿತು. ಗೂಟ ಹೊಡೆಯುವ ಕೆಲಸ ಇಲ್ಲ, ನೆಲ ಒದ್ದೆ ಅನ್ನುವ ಚಿಂತೆ ಇಲ್ಲ. ಆದರೆ ಮೂವರ ಉಸಿರಿಗೆ ಗಾಜು ಪೂರ್ತಿ ಬೆವರಿತ್ತು. ಕಿಟಕಿ ಎರಡು ಬೆರಳಷ್ಟಾದರೂ ತೆಗೆದಿಡಬೇಕು. ಸೆಕೆ ಅಂತ ಎಂಜಿನ್ ಹಾಕಿ ಏಸಿಯಲ್ಲಿ ಮಲಗೋದು ಖಂಡಿತ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲಿ ತಿಳಿಯೋದೇ ಇಲ್ಲ. ಒಬ್ಬರಿಗಾದರೆ ಕಾರು ಸರಿ, ಮೂವರಿಗೆ ಟೆಂಟೇ.

ಮೂರನೇ ಬೇಸಿಗೆ: ಒಂದೇ ಕಡೆ ಎರಡು ರಾತ್ರಿ

ಮೊದಲ ದಿನ 500 ಕಿಲೋಮೀಟರ್. ಎರಡನೇ ದಿನ ಕೀಲಿಯನ್ನು ಮುಟ್ಟುವಂತಿಲ್ಲ. ಮೂರನೇ ದಿನ ಉಳಿದ 600. ಕಾಗದದ ಮೇಲೆ ಆ 600 ನೋಡಿ ಅಕ್ಕ ಬೇಡ ಅಂದಿದ್ದಳು. ನನಗೂ ಅಳುಕಿತ್ತು.

ಆದರೆ ನಡುವಿನ ಆ ದಿನ ಎಲ್ಲವನ್ನೂ ಬದಲಾಯಿಸಿತು. ಟೆಂಟ್ ಹಾಕಿದ್ದು ಒಂದು ಸಲ, ಬಿಚ್ಚಿದ್ದು ಒಂದು ಸಲ. ಅಷ್ಟರಿಂದಲೇ ಎರಡು ಗಂಟೆ ಉಳಿಯಿತು. ಜಾಗ ಆರಿಸಲೂ ಪುರುಸೊತ್ತಿತ್ತು. ಮೊದಲ ಬೇಸಿಗೆ ತೊರೆಯ ಪಕ್ಕದ ತಗ್ಗಿನಲ್ಲಿ ಹಾಕಿದ್ದಕ್ಕೇ ಅಷ್ಟು ಇಬ್ಬನಿ. ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ತಗ್ಗಿನಲ್ಲೇ ನಿಲ್ಲುತ್ತದೆ. ಈ ಸಲ ಅನುಮತಿ ಇದ್ದ ಜಾಗದಲ್ಲೇ ನೀರಿನಿಂದ ಅರವತ್ತು ಎಪ್ಪತ್ತು ಮೀಟರ್ ಆಚೆ, ತುಸು ಎತ್ತರದಲ್ಲಿ, ಮರದಡಿ ಹಾಕಿದೆವು. ಬೆಳಿಗ್ಗೆ ಬಟ್ಟೆ ಮುಟ್ಟಿದರೆ ಬೆಚ್ಚಗೆ, ಒಣ.

ಒಂದು ವಿಷಯ ಜಾಸ್ತಿ ಗಮನ ಕೊಡಬೇಕಾದ್ದು. ಇಡೀ ದಿನ ಕಾರು ಬಿಸಿಲಲ್ಲಿ ನಿಂತಿರುತ್ತದೆ. ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ 22 ಡಿಗ್ರಿಯವರೆಗೂ ಸೆಕೆ ಏರಬಹುದು. ಹೊರಗೆ 30 ಇದ್ದರೆ ಒಳಗೆ 50 ದಾಟುತ್ತದೆ. ಸ್ಟೌವಿನ ಗ್ಯಾಸ್ ಡಬ್ಬಿಯ ಮೇಲೆ ಬರೆದಿರುವ ಮಿತಿಯೂ 50. ಡಬ್ಬಿಯನ್ನು ಕಾರಿನಿಂದ ತೆಗೆದು ಮರದ ನೆರಳಲ್ಲಿ ಇಟ್ಟು ಹೋದೆವು.

ನಸುಕಿನಲ್ಲಿ ಹತ್ತಿದೆವು, ಯಾರಿಗೂ ಅವಸರ ಇಲ್ಲ. ಪ್ರತಿ 1,000 ಮೀಟರಿಗೆ ಸರಿಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ ಅಂತ ಹುಡುಗ ಶಾಲೆಯಲ್ಲಿ ಕಲಿತಿದ್ದ. ಬ್ಯಾಗಿಗೆ ಪುಟ್ಟ ಥರ್ಮಾಮೀಟರ್ ಕಟ್ಟಿಕೊಂಡು ಬಂದಿದ್ದ, ದಾರಿಯುದ್ದಕ್ಕೂ ನೋಡಿ ಬರೆದುಕೊಂಡ. ತುದಿಯಲ್ಲಿ ಒಂದು ಗಂಟೆ ಸುಮ್ನೆ ಕೂತೆವು. ಮಧ್ಯಾಹ್ನ ಬಂದು ಮಲಗಿದೆವು, ಆ 2ರಿಂದ 4ರ ಮಂಕು ಟೆಂಟಿನೊಳಗೇ ಕಳೆಯಿತು. ಮರುದಿನ ಐದಕ್ಕೆ ಹೊರಟು, ಎರಡು ಗಂಟೆಗೊಮ್ಮೆ ಸ್ಟೀರಿಂಗ್ ಬದಲಾಯಿಸಿಕೊಂಡು, ಸಂಜೆ ಆರಕ್ಕೆ ಮನೆ.

ನಾನು ಆರಿಸೋದು ಮೂರನೆಯದನ್ನೇ. ಬೆಟ್ಟಗಳ ಸಂಖ್ಯೆ ಒಂದಕ್ಕೆ ಇಳಿಯುತ್ತದೆ, ಅದು ನಿಜ. ಆದರೆ ಮೂವರೂ ತುದಿಯಲ್ಲಿ ಕೂತದ್ದು ಅಲ್ಲಿ ಮಾತ್ರ, ಬೇರೆ ಕಡೆ ಮುಟ್ಟಿ ಬಂದದ್ದು, ಇಲ್ಲವೇ ನಡುವೆಯೇ ತಿರುಗಿದ್ದು ಅಷ್ಟೇ. ಓಡಿಸುವವರು ನೀವೊಬ್ಬರೇ ಆದರೆ 600 ಕಿಲೋಮೀಟರ್ ಬೇಡ, ಸಂಜೆಯ ದಾರಿ ಹಿಡಿಯಿರಿ, ನಡಿಗೆ 4-5 ಕಿಲೋಮೀಟರ್ ಮೀರದಿರಲಿ. ಬೆಳಗಿನದು ಬೇಕೇ ಬೇಕು ಅಂದರೆ ಹತ್ತದೆ ಉಳಿದವರೊಬ್ಬರು ಗಾಡಿ ಓಡಿಸಲು ಇರಬೇಕು. ಮನೆ ಸೇರುವ ದಿನ ಮಾತ್ರ ಯಾವ ಲೆಕ್ಕದಲ್ಲೂ ಬೆಟ್ಟ ಇಟ್ಟುಕೊಳ್ಳಬೇಡಿ. ಅವತ್ತು ಮನಸ್ಸು ಆಗಲೇ ಮನೆಯಲ್ಲಿರುತ್ತದೆ, ಕಾಲು ಮಾತ್ರ ಏರಿನಲ್ಲಿರುತ್ತದೆ, ಅಲ್ವಾ?

ಮೊದಲ ಬೇಸಿಗೆ ಅಮ್ಮನ ಮನೆಯ ತಂತಿಯ ಮೇಲೆ ನಾಲ್ಕು ದಿನ ಟೆಂಟ್ ನೇತಾಡಿತ್ತು. ಆದರೂ ಮೂಲೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆ ಉಳಿದುಬಿಟ್ಟಿತು. ಈ ಸಲ ಒಣಗಿದ್ದ ಟೆಂಟನ್ನು ಡಿಕ್ಕಿಯಿಂದ ತೆಗೆಯಲೇ ಇಲ್ಲ. ಹುಡುಗ ಚಪ್ಪಲಿ ಬಿಡುವ ಮೊದಲೇ ಥರ್ಮಾಮೀಟರ್ ಲೆಕ್ಕದ ಹಾಳೆ ಹಿಡಿದು ಅಜ್ಜಿಯ ಪಕ್ಕ ಕೂತಿದ್ದ.